ಮಾವನ ಹೆಸರಿನ ಲೈಟು

ಒಂದು ಡಬ್ಬಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಇಡೀ ಚಿತ್ರದುರ್ಗದಲ್ಲಿ ನಾನೊಬ್ಬಳೇ ಇರಬೇಕು. ನಗುವವರು ನಗಲಿ. ಅಂಗೈಯಗಲದ ಆ ಮಾತಾಡುವ ಡಬ್ಬಿ ನಮ್ಮ ಮನೆಗೆ ಬಂದ ಮೇಲೆ ನನ್ನ ಅತ್ತೆ ನನ್ನನ್ನು ಕರೆಯುವುದನ್ನೇ ಬಿಟ್ಟರು. ಮದುವೆಯಾಗಿ ಬಂದ ದಿನದಿಂದ "ದೊಡ್ಡೋಳೇ" ಎಂಬ ಅವರ ಕೂಗಿಗೆ ಓಡಿ ಓಡಿ ನನ್ನ ಹಿಮ್ಮಡಿ ಸವೆದಿದೆ. ಓಡುವಾಗೆಲ್ಲ ಗೊಣಗಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ಗೊಣಗಿದರೂ ಆ ಕೂಗು ನನ್ನದು. ಅದನ್ನು ಇನ್ನೊಬ್ಬಳಿಗೆ, ಅದೂ ಜೀವವೇ ಇಲ್ಲದವಳಿಗೆ, ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಮೊದಲು ನಮ್ಮ ಮನೆ ಎಂಥದ್ದು ಅಂತ ಹೇಳಿಬಿಡುತ್ತೇನೆ. ಕೋಟೆಯ ಬುಡದ ಓಣಿಯಲ್ಲಿ ಎರಡು ಮನೆಗಳ ನಡುವೆ ಸಿಕ್ಕಿಕೊಂಡಂತಿರುವ ಉದ್ದನೆಯ ಮನೆ. ಮುಂದೆ ಪಡಸಾಲೆ, ನಡುವೆ ಒಂದೇ ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು. ಇಷ್ಟರಲ್ಲಿ ಅತ್ತೆ, ನಾವು ಗಂಡ ಹೆಂಡತಿ, ಕಾಲೇಜಿಗೆ ಹೋಗುವ ನಮ್ಮ ಮಗಳು, ಮೈದುನ, ಅವನ ಹೆಂಡತಿ, ಅವರ ಇಬ್ಬರು ಚಿಕ್ಕ ಮಕ್ಕಳು. ನಡುವಿನ ಕೋಣೆಗೆ ಪ್ಲೈವುಡ್ ಹಲಗೆ ಹೊಡೆದು ಎರಡು ಮಾಡಿಕೊಂಡಿದ್ದೇವೆ. ಈಚೆ ನಾವು, ಆಚೆ ಅವರು. ಪಡಸಾಲೆಯ ಒಂದು ಮೂಲೆಗೆ ಬೀರು ಅಡ್ಡ ನಿಲ್ಲಿಸಿ, ಉಳಿದ ಕಡೆ ಪರದೆ ಕಟ್ಟಿ ಅತ್ತೆಗೆ ಮಂಚ ಹಾಕಿದ್ದೇವೆ. ಮಗಳು ಓದುವುದು ಅಡುಗೆಮನೆಯ ಕಟ್ಟೆಯ ಪಕ್ಕ, ಒಗ್ಗರಣೆಯ ಘಾಟಿನಲ್ಲಿ. ಇಲ್ಲಿ ಒಬ್ಬರು ಸೀನಿದರೆ ಇನ್ನೊಬ್ಬರು ಮೂಗು ಒರೆಸಿಕೊಳ್ಳಬೇಕು, ಅಷ್ಟು ಹತ್ತಿರ ಇದ್ದೇವೆ. ಬೇಸಿಗೆಯಲ್ಲಂತೂ ಹಗಲೆಲ್ಲ ಕಾದ ಬಂಡೆಗಳು ಸಂಜೆಗೆ ಆ ಬಿಸಿಯನ್ನೆಲ್ಲ ನಮ್ಮ ಓಣಿಗೇ ಬಿಡುತ್ತವೆ, ಆಗ ಯಾರ ಮೈಗೂ ಯಾರ ಮೈ ತಾಗುವ ಹಾಗಿಲ್ಲ.

ಆ ಬೀರು ತಂದಿಟ್ಟಾಗ ಒಂದು ಎಡವಟ್ಟಾಯಿತು. ಪಡಸಾಲೆಯ ಸ್ವಿಚ್ ಬೋರ್ಡು ಅದರ ಹಿಂದೆ ಹೋಯಿತು. ಬೀರನ್ನು ಬೇರೆ ಕಡೆ ಸರಿಸೋಣ ಅಂದರೆ ಬೇರೆ ಕಡೆ ಎಂಬುದೇ ನಮ್ಮ ಮನೆಯಲ್ಲಿ ಇಲ್ಲ. ಗೋಡೆಗೂ ಬೀರಿಗೂ ನಡುವಿನ ಸಂದಿಯಲ್ಲಿ ಕೈ ತೂರಿಸಿ, ತಡಕಾಡಿ ಸ್ವಿಚ್ ಒತ್ತಬೇಕು. ಅತ್ತೆಗೆ ಮೊಣಕಾಲು ನೋವು, ಕಣ್ಣು ಮಂಜು, ಕೈಯೂ ದಪ್ಪ. ನನ್ನದು ಕಡ್ಡಿಯಂಥ ಕೈ. ಹಾಗಾಗಿ ಅತ್ತೆಯ ಮೂಲೆಗೆ ಲೈಟು ಹಾಕುವುದು ನನ್ನ ಕೆಲಸವಾಯಿತು. ನಾನು ಮದಕರಿಪುರದ ಶಾಲೆಯಲ್ಲಿ ಟೀಚರು. ಸಂಜೆ ಬಸ್ಸಿಳಿದು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು, ವ್ಯಾನಿಟಿ ಬ್ಯಾಗನ್ನು ಹೆಗಲಿನಿಂದ ಇಳಿಸುವ ಮೊದಲೇ ಆ ಸಂದಿಗೆ ಕೈ ಹಾಕುತ್ತಿದ್ದೆ.

ಲೈಟು ಹತ್ತಿದ ತಕ್ಷಣ ಅತ್ತೆ, "ಟೈಮ್ ಎಷ್ಟಾತೇ?" ಅನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಆಮೇಲೆ ಅವರ ಮಂಚದ ತುದಿಯಲ್ಲಿ ಕೂತು ಬೆಳಗಿನಿಂದ ಆದದ್ದನ್ನೆಲ್ಲ ಒದರುತ್ತಿದ್ದೆ. ಬಿಸಿಯೂಟದ ಸಾರಿಗೆ ಉಪ್ಪು ಹೆಚ್ಚಾದದ್ದು, ಹೆಡ್ಮೇಷ್ಟ್ರು ಸಿಡಿಮಿಡಿಗೊಂಡದ್ದು, ಬಸ್ಸಿನಲ್ಲಿ ಸೀಟಿಗೆ ಜಗಳ ಬಿದ್ದದ್ದು. ಅವರು ಓಣಿಯ ಸುದ್ದಿ ಹೇಳುತ್ತಿದ್ದರು. ಮಾತ್ರೆ ನುಂಗಿಸುವುದು, ಫ್ಯಾನು ಜೋರು ಮಾಡುವುದು, ಕಡಿಮೆ ಮಾಡುವುದು, ಎಲ್ಲಕ್ಕೂ ದೊಡ್ಡೋಳೇ ಬೇಕು. "ಸಣ್ಣೋಳಿಗೆ ಇದೆಲ್ಲ ತಿಳಿಯಲ್ಲ ಬಿಡು" ಎಂದು ಅವರು ಪಿಸುಗುಟ್ಟಿದಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಸಣ್ಣೋಳು ಅಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ.

ಮೈದುನ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಹೊಸದೇನು ಬಂದರೂ ಮೊದಲು ಮನೆಗೆ ತರುವ ಚಪಲ ಅವನಿಗೆ. ಒಂದು ಭಾನುವಾರ ಡಬ್ಬಿ ತಂದ, ಅದರ ಜೊತೆ ಅದರ ಮಾತು ಕೇಳುವ ಬಲ್ಬುಗಳನ್ನೂ ತಂದ. "ಅತ್ತಿಗೆ, ಇನ್ಮೇಲೆ ನೀವು ಬೀರು ಹಿಂದೆ ಕೈ ತೂರ್ಸಂಗಿಲ್ಲ. ಬಾಯಾಗೆ ಹೇಳಿದ್ರೆ ಸಾಕು, ಲೈಟ್ ಹತ್ತತೈತೆ" ಎಂದ. ನನಗೆ ಉಪಕಾರ ಮಾಡುತ್ತಿದ್ದೇನೆ ಅಂತ ಅವನ ಲೆಕ್ಕ.

ಬಲ್ಬು ಕೂರಿಸುವಾಗ ಫೋನು ಕೇಳಿತಂತೆ, ಇದು ಯಾವ ರೂಮಿನ ಲೈಟು ಅಂತ. ಬೆಡ್‌ರೂಮೋ, ಡೈನಿಂಗ್ ರೂಮೋ, ಗೆಸ್ಟ್ ರೂಮೋ, ಆರಿಸು ಅಂದಿತಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಇದನ್ನು ಮಾಡಿದ ಪುಣ್ಯಾತ್ಮರಿಗೆ ಒಂದೇ ಕೋಣೆಗೆ ಹಲಗೆ ಹೊಡೆದವರ ಮನೆ ಗೊತ್ತಿರಲಿಕ್ಕಿಲ್ಲ. ಮನುಷ್ಯನೆಂದರೆ ಒಬ್ಬೊಬ್ಬನಿಗೂ ಒಂದೊಂದು ಬಾಗಿಲು ಇರುತ್ತದೆ ಅಂದುಕೊಂಡಿರಬೇಕು ಅವರು. ಮೈದುನ ತಲೆ ಕೆರೆದುಕೊಂಡು, ಕೋಣೆಗಳಿಗೆ ಹೆಸರಿಲ್ಲ, ಮೂಲೆ ಯಾರದೋ ಅವರ ಹೆಸರೇ ಇರಲಿ ಅಂದ. ಮೂಲೆಗಳು ಗಂಡಸರ ಹೆಸರಿನಲ್ಲಿ ತಾನೇ ಇರುವುದು! ಹಲಗೆಯ ಆಚೆಯ ಲೈಟಿಗೆ ತನ್ನ ಹೆಸರಿಟ್ಟ. ಈಚೆಯದಕ್ಕೆ ತನ್ನ ಅಣ್ಣನ ಹೆಸರು, ಅಂದರೆ ನಮ್ಮವರದು. ಅತ್ತೆಯ ಮೂಲೆಯಲ್ಲಿ ಮಾವನ ಫೋಟೋ ತೂಗುಹಾಕಿದೆ. ಅದನ್ನೊಮ್ಮೆ ನೋಡಿ, "ಅಪ್ಪನ ಹೆಸರು ದಿನಾ ಮನೇಲಿ ಕೇಳ್ಲಿ" ಅಂತ ಆ ಲೈಟಿಗೆ ತೀರಿಕೊಂಡ ಮಾವನ ಹೆಸರನ್ನೇ ಇಟ್ಟುಬಿಟ್ಟ. ಹಾಗೆ ಹೇಳಿ ಫೋಟೋದ ಗಾಜನ್ನು ಅಂಗಿಯ ತೋಳಿನಿಂದ ಒರೆಸಿದ, ಹಾಗಾಗಿ ಯಾರೂ ಬೇಡ ಅನ್ನಲಿಲ್ಲ.

ಈಗ ನನ್ನ ಪಾಡು ಕೇಳಿ. ನಾನು ಹೊಳಲ್ಕೆರೆ ಕಡೆಯ ಮನೆಯವಳು. ಗಂಡನ ಹೆಸರನ್ನು ಬಾಯಲ್ಲಿ ತಂದವಳಲ್ಲ. ಓದಿದ್ದೇನೆ, ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತೇನೆ, ಇದೆಲ್ಲ ಹಳೇ ಕಾಲದ್ದು ಅಂತ ಬೇರೆಯವರಿಗೆ ಭಾಷಣವನ್ನೂ ಬಿಗಿಯುತ್ತೇನೆ. ಆದರೆ ಆ ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಬರೆಯಲು ಅಡ್ಡಿಯಿಲ್ಲ, ಹೇಳಲಾಗುವುದಿಲ್ಲ. ಬ್ಯಾಂಕಿನಲ್ಲಿ ಗಂಡನ ಹೆಸರೇನು ಎಂದು ಕೇಳಿದರೆ ಆಧಾರ್ ಕಾರ್ಡು ಮುಂದೆ ತಳ್ಳುತ್ತೇನೆ. ಅಂಥವಳು ಆ ಡಬ್ಬಿಯ ಎದುರು ನಿಂತು, ನಮ್ಮವರ ಹೆಸರು ಹಿಡಿದು, ಹಿಂದೆ "ಆನ್" ಅಂತ ಸೇರಿಸಿ ಕೂಗುವುದೆಂದರೇನು! ಅಯ್ಯೋ ಶಿವನೆ, ನೆನೆದರೇ ಕಿವಿ ಬಿಸಿಯಾಗುತ್ತಿತ್ತು.

ಆ ಡಬ್ಬಿಗೆ ಮಾತ್ರ ಯಾವ ನಾಚಿಕೆಯೂ ಇರಲಿಲ್ಲ. ಮೊದಲ ಸಂಜೆ ಮಗಳು ಲೈಟು ಹಾಕಿಸಿದಳು. ಡಬ್ಬಿಯಿಂದ ಒಂದು ಹೆಣ್ಣಿನ ದನಿ, ಸಕ್ಕರೆ ಕಲಸಿದಂಥ ದನಿ, ನಮ್ಮವರ ಹೆಸರನ್ನು ಪೂರ್ತಿಯಾಗಿ, ಬಿಡಿಸಿ ಬಿಡಿಸಿ ಹೇಳಿ, "ಆನ್ ಮಾಡಿದ್ದೇನೆ" ಅಂದಿತು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಸಂಸಾರ ಮಾಡಿ ನಾನು ಒಂದು ಸಲವೂ ಉಚ್ಚರಿಸದ ಹೆಸರನ್ನು ಯಾವಳೋ ಬಂದ ದಿನವೇ ರಾಗವಾಗಿ ಹೇಳುತ್ತಾಳೆ. ಇವರೋ, ಬಾಯಿ ಕಿವಿಯವರೆಗೆ ಮಾಡಿಕೊಂಡು, "ಇನ್ನೊಂದು ಸಲ ಹೇಳ್ಸೇ ಮಗಳೇ" ಅಂದರು.

"ಯಾಕೆ, ಮನೇಲಿ ಕರೆಯೋರು ಯಾರೂ ಇಲ್ವಾ ನಿಮಗೆ?" ಅಂದೆ.

"ನೀನು ಕರೀತೀಯಾ? 'ಇವರೇ, ಕೇಳ್ತಾ' ಅಂತೀಯ. ನನಗೊಂದು ಹೆಸರೈತೆ ಅಂತ ನನಗೇ ಮರ್ತೋಗಿತ್ತು" ಅಂದರು.

ಇದು ಸಾಲದೆಂಬಂತೆ ವಾರಗಿತ್ತಿ. ಅವಳು ಹಿರಿಯೂರಿನವಳು. ಮಾರಿಕಣಿವೆ ಡ್ಯಾಮಿನ ನೀರು ಕುಡಿದವರ ನಾಲಿಗೆಗೆ ಎಲುಬೂ ಇಲ್ಲ ಅಂಕೆಯೂ ಇಲ್ಲ ಅಂತ ನಾನು ಛೇಡಿಸಿದರೆ, ನಕ್ಕುಬಿಡುತ್ತಾಳೆ. ಗಂಡನನ್ನು ಹೆಸರು ಹಿಡಿದು, "ಲೋ" ಅಂತ ಸೇರಿಸಿ ಕರೆಯುತ್ತಾಳೆ. ಒಂದು ಸಂಜೆ ನಾನು ಸೀರೆ ಬದಲಿಸಲು ಕತ್ತಲೆಯಲ್ಲಿ ತಡವರಿಸುತ್ತಿದ್ದೆ. ಹಲಗೆಯ ಆಚೆಯಿಂದ ಅವಳು, "ಅಕ್ಕ, ಲೈಟ್ ಬೇಕೇನು?" ಎಂದವಳೇ ನಮ್ಮವರ ಹೆಸರನ್ನು, ಭಾವ ಎಂಬ ಗೌರವವೂ ಇಲ್ಲದೆ, ಬೋಳು ಬೋಳಾಗಿ ಕೂಗಿದಳು. ಲೈಟು ಹತ್ತಿತು. ನನ್ನ ಗಂಡನ ಹೆಸರು ನನ್ನ ಕೋಣೆಯಲ್ಲಿ, ಅವಳ ಬಾಯಲ್ಲಿ! ಅರ್ಧ ಉಟ್ಟ ಸೀರೆಯಲ್ಲೇ ನಿಂತು ಹಲ್ಲು ಕಡಿದೆ. ಅವತ್ತಿನಿಂದ ಮೊಬೈಲಿನ ಟಾರ್ಚ್ ಬೆಳಕಿನಲ್ಲೇ ಸೀರೆ ಉಟ್ಟೆ. ಮಾತಾಡುವ ಲೈಟು ತಲೆಯ ಮೇಲೇ ಇದ್ದರೂ.

ಇವೆಲ್ಲ ಹೋಗಲಿ ಅನ್ನಬಹುದಿತ್ತು. ಅತ್ತೆಯನ್ನು ಕಿತ್ತುಕೊಂಡದ್ದನ್ನು ಮಾತ್ರ ಸಹಿಸಲಾಗಲಿಲ್ಲ. ಮೈದುನ ಅದಕ್ಕೆ ಮಾತ್ರೆಯ ಹೊತ್ತು ಹೇಳಿಕೊಟ್ಟ. ಹೊತ್ತಿಗೆ ಸರಿಯಾಗಿ ಅದು, "ಅಮ್ಮ, ಮಾತ್ರೆ ತೆಗೆದುಕೊಳ್ಳಿ" ಅನ್ನುತ್ತಿತ್ತು. ಟೇಬಲ್ ಫ್ಯಾನನ್ನೂ ಅದಕ್ಕೇ ಜೋಡಿಸಿದ. ಅದಕ್ಕೆ ಫ್ಯಾನ್ ಎಂದಷ್ಟೇ ಹೆಸರು, ಹಾಗಾಗಿ ಅತ್ತೆ ಧಾರಾಳವಾಗಿ ಕೂಗುತ್ತಿದ್ದರು. ಟೈಮ್ ಕೇಳಿದರೆ ಅದು ಹೇಳುತ್ತಿತ್ತು. ದೇವರ ಹಾಡು ಕೇಳಿದರೆ ಹಾಡುತ್ತಿತ್ತು. ಮಳೆ ಬರುತ್ತದೆಯೇ ಎಂದರೆ ಇಲ್ಲ ಅನ್ನುತ್ತಿತ್ತು. ಚಿತ್ರದುರ್ಗದಲ್ಲಿ ಇಲ್ಲ ಅನ್ನಲು ಯಂತ್ರ ಬೇಕೇ, ನಾನೇ ಹೇಳುತ್ತಿರಲಿಲ್ಲವೇ!

"ಏನವ್ವಾ, ಉಂಡ್ಯಾ?" ಎಂದು ಅದನ್ನು ಒಂದು ದಿನ ಅತ್ತೆ ಕೇಳಿದರು. ಅದು ಏನೋ ನಯವಾಗಿ ಉತ್ತರ ಕೊಟ್ಟಿತು. ಅತ್ತೆ ನನ್ನ ಕಡೆ ತಿರುಗಿ, "ಬಾಳ ಒಳ್ಳೆ ಹುಡುಗಿ ಕಣೇ. ಎಷ್ಟು ಸಲ ಕೂಗಿದ್ರೂ ಮುಖ ಗಂಟಿಕ್ಕಲ್ಲ" ಅಂದರು. ಯಾರಿಗೆ ಹೇಳಿದ ಮಾತು ಅಂತ ತಿಳಿಯದಷ್ಟು ದಡ್ಡಿಯೇ ನಾನು? ಅದಕ್ಕೆ ಮುಖವಿದ್ದರೆ ತಾನೇ ಗಂಟಿಕ್ಕುವುದು ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ಹೊಸದುರ್ಗದ ಆಚೆ ಹಾಲುರಾಮೇಶ್ವರ ದೇವಸ್ಥಾನಕ್ಕೆ ಎಲ್ಲರೂ ಹೊರಟ ದಿನವಂತೂ ಕೇಳಲೇಬೇಡಿ. ಗಾಡಿಯಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದೇವೆ. ಬುತ್ತಿಯ ಚೀಲ ನನ್ನ ತೊಡೆಯ ಮೇಲೆ, ನೀರಿನ ಕ್ಯಾನು ಕಾಲ ಸಂದಿಯಲ್ಲಿ. ಅತ್ತೆ ಹತ್ತುವ ಮೊದಲು ಬಾಗಿಲಲ್ಲಿ ನಿಂತು, "ಅದನ್ನೂ ಕರ್ಕಂಡು ಹೋಗಾಣ. ಪಾಪ, ಒಬ್ಬಳೇ ಇರ್ತಾಳೆ ಮನೇಲಿ" ಅಂದರು.

"ಗಾಡೀಲಿ ಜಾಗ ಎಲ್ಲೈತತ್ತೆ?" ಅಂದೆ.

"ನನ್ನ ತೊಡೆ ಮೇಲೆ ಇಟ್ಕಂತೀನಿ ಬಿಡೇ."

ಕರೆಂಟಿಲ್ಲದೆ ಅದು ಮಾತಾಡುವುದಿಲ್ಲ ಎಂದು ಮೈದುನ ಸಮಾಧಾನ ಮಾಡಬೇಕಾಯಿತು. ಹೋಗುವ ದಾರಿಯುದ್ದಕ್ಕೂ ನಾನು ಕಿಟಕಿಯ ಆಚೆ ನೋಡಿದೆ. ಆ ಸ್ವಾಮಿಯ ಮುಂದೆ ನಿಂತು ಎಲ್ಲರಿಗೂ ಒಳ್ಳೆಯದು ಮಾಡಪ್ಪಾ ಅಂದೆ, ಒಂದನ್ನು ಬಿಟ್ಟು.

ನನ್ನ ಕೈಲಾದ ಹಗೆಯನ್ನೂ ಸಾಧಿಸಿದೆ. ಗೋಡೆಯ ಸ್ವಿಚ್ ಆರಿಸಿದರೆ ಡಬ್ಬಿಯ ಮಾತನ್ನು ಬಲ್ಬು ಕೇಳುವುದಿಲ್ಲ. ಕರೆಂಟ್ ಉಳಿಸುವ ನೆಪದಲ್ಲಿ ಕಂಡ ಸ್ವಿಚ್ಚನ್ನೆಲ್ಲ ಆರಿಸುತ್ತ ಬಂದೆ. ವಾರಗಿತ್ತಿ ಕೂಗುವಳು, ಲೈಟು ಹತ್ತದು, ಡಬ್ಬಿ ಕ್ಷಮಿಸಿ ಎನ್ನುವುದು. ಅದರ ಬಾಯಲ್ಲಿ ಕ್ಷಮಿಸಿ ಕೇಳಿ ನನಗೆ ಪಾಯಸ ಕುಡಿದಷ್ಟು ಖುಷಿಯಾಗುತ್ತಿತ್ತು. ಕೊನೆಗೆ ಮೈದುನ ಎಲ್ಲ ಸ್ವಿಚ್ಚಿನ ಮೇಲೂ ಟೇಪು ಅಂಟಿಸಿದ. ಬೀರಿನ ಹಿಂದಿನದಕ್ಕೆ ಮಾತ್ರ ಅವನ ಕೈ ಹೋಗಲಿಲ್ಲ.

ಆ ಒಂದು ಸ್ವಿಚ್ಚೇ ನನಗೆ ಉಳಿದದ್ದು. ಯಾಕೆಂದರೆ ಅತ್ತೆಗೂ ಮಾವನ ಹೆಸರು ಬಾಯಲ್ಲಿ ಬರದು. ಮೊದಲ ದಿನ ಮೈದುನ ಅಪ್ಪನ ಹೆಸರು ಹೇಳಿ ಲೈಟು ಹಾಕಿದಾಗ, ಡಬ್ಬಿಯೂ ಆ ಹೆಸರನ್ನು ತಿರುಗಿ ಹೇಳಿತು. ಅತ್ತೆ ಬೆಚ್ಚಿ ತಲೆಯ ಮೇಲೆ ಸೆರಗೆಳೆದುಕೊಂಡರು, ಮಾವ ಬಾಗಿಲಲ್ಲಿ ನಿಂತಿದ್ದರೇನೋ ಎಂಬ ಹಾಗೆ. ಬೆಳಿಗ್ಗೆ ಮೈದುನ ಹೆಸರು ಹೇಳಿ ಆರಿಸಿ ಅಂಗಡಿಗೆ ಹೋಗುತ್ತಾನೆ. ಸಂಜೆ ಹೆಸರು ಹೇಳಬಲ್ಲವರು ಯಾರೂ ಮನೆಯಲ್ಲಿರುವುದಿಲ್ಲ. ಗಂಡಸರು ಬರುವುದು ತಡ, ಮಗಳು ಲೈಬ್ರರಿಗೆ ಹೋಗಿರುತ್ತಾಳೆ, ವಾರಗಿತ್ತಿ ಮಕ್ಕಳನ್ನು ಟ್ಯೂಷನ್ನಿನಿಂದ ಕರೆತರಲು ಹೋಗಿರುತ್ತಾಳೆ. ಅತ್ತೆ ಕತ್ತಲೆಯಲ್ಲಿ ಕೂತು ನನ್ನ ದಾರಿ ನೋಡುತ್ತಾರೆ. ನಾನು ಬಂದು ಸಂದಿಗೆ ಕೈ ತೂರಿಸಿ, ಸ್ವಿಚ್ಚನ್ನು ಒಮ್ಮೆ ಆರಿಸಿ ಮತ್ತೆ ಹಾಕುತ್ತೇನೆ. ಹಾಗೆ ಮಾಡಿದರೆ ಯಾರ ಹೆಸರೂ ಹೇಳದೆ ಬಲ್ಬು ಉರಿಯುತ್ತದೆ.

ಇದು ನನಗೆ ಸಮಾಧಾನ ತರಬೇಕಿತ್ತು. ತರಲಿಲ್ಲ. ಇವರಿಗೆ ಬೇಕಾದದ್ದು ನನ್ನ ಕೈ, ನಾನಲ್ಲ ಅನ್ನಿಸಿತು. ಮಾತಿಗೆ ಅವಳು, ಹಾಡಿಗೆ ಅವಳು, ಸಂದಿಗೆ ತೂರಿಸಲು ಮಾತ್ರ ದೊಡ್ಡೋಳು. ಮಾವನ ಹೆಸರು ಅಡ್ಡ ಬರದಿದ್ದರೆ ಅದಕ್ಕೂ ನಾನು ಬೇಡ. ನಾನು ಮಂಚದ ತುದಿಯಲ್ಲಿ ಕೂರುವುದನ್ನು ಬಿಟ್ಟೆ. ಲೈಟು ಹಾಕಿದವಳೇ ಬ್ಯಾಗು ಹಿಡಿದು ಸೀದಾ ಒಳಗೆ. ಅತ್ತೆ "ಇವತ್ತೇನಾತೇ ಸ್ಕೂಲಾಗೆ?" ಎಂದರೆ, "ಏನೂ ಇಲ್ಲ" ಎನ್ನುತ್ತಿದ್ದೆ. ಮೊದಮೊದಲು ಕೇಳಿದರು. ಆಮೇಲೆ ಕೇಳುವುದನ್ನೂ ಬಿಟ್ಟರು. ನೋಡು, ನಾನು ಅಂದದ್ದು ಸರಿಯಾಯಿತಲ್ಲ, ಬೇಕಾದದ್ದು ಕೈಯಷ್ಟೇ ಅಂತ ಇನ್ನಷ್ಟು ಉರಿದುಕೊಂಡೆ.

ಹೆಸರು ಬದಲಾಯಿಸಬಹುದು ಎಂಬುದು ನನಗೆ ಹೊಳೆದಿರಲೇ ಇಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳಿ ತೊಟ್ಟಿಲು ತೂಗಿದ ಹಾಗೆ, ಒಂದು ಸಲ ಇಟ್ಟರೆ ಮುಗಿಯಿತು ಅಂದುಕೊಂಡಿದ್ದೆ.

ಮೊನ್ನೆ ಮೊನ್ನೆ ಒಂದು ಸಂಜೆ, ಟ್ಯೂಷನ್ನಿಗೆ ರಜೆ ಇತ್ತು. ನಾನು ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಪಡಸಾಲೆ ಕತ್ತಲೆ. ವಾರಗಿತ್ತಿ ಅಡುಗೆಮನೆಯಿಂದ ಬಂದು ಅತ್ತೆಯ ಹತ್ತಿರ ಮಾತಾಡುತ್ತಿದ್ದಳು. ನಮ್ಮ ಮನೆಯಲ್ಲಿ ಕದ್ದು ಕೇಳುವ ಅಗತ್ಯವೇ ಇಲ್ಲ, ಪರದೆಗೆ ಮಾತು ತಡೆಯುವ ತಾಕತ್ತಿಲ್ಲ.

"ಅತ್ತೆ, ಎಷ್ಟು ದಿನ ಹಿಂಗೆ ಕತ್ತಲಾಗೆ ಕುಂತ್ಕಂತೀರಿ? ನಾನಾದ್ರೂ ಹಾಕ್ಲಾ ಅಂದ್ರೆ ಮಾವನ ಹೆಸ್ರು ಸೊಸೆ ಬಾಯಾಗೆ ಬ್ಯಾಡ ಅಂತೀರಿ. ಹೋಗ್ಲಿ, ಆ ಹೆಸ್ರು ತೆಗ್ದು ಅಜ್ಜಿ ಅಂತ ಇಟ್ಬಿಡ್ತೀನಿ. ಫೋನಾಗೆ ಒಂದು ನಿಮಿಷದ ಕೆಲ್ಸ. ಆಮೇಲೆ ನೀವೇ ಹಾಕ್ಕಬೋದು."

"ಬ್ಯಾಡ."

"ಆವತ್ತೂ ಬ್ಯಾಡ ಅಂದ್ರಿ. ಯಾಕೆ ಅಂತ ಹೇಳ್ರಿ ಮತ್ತೆ."

ಅತ್ತೆ ಹೇಳಿದರು: "ಮಾತ್ರೆ ಅದು ಹೇಳ್ತೈತೆ. ಫ್ಯಾನ್ ಅದು ಹಾಕ್ತೈತೆ. ಅದು ಬಂದ್ಮೇಲೆ ದೊಡ್ಡೋಳು ನನ್ನ ಮಂಚದ ಮೇಲೆ ಕುಂತಿದ್ದು ನೋಡಿದ್ಯಾ ನೀನು? ಈ ಲೈಟ್ ಒಂದು ಉಳ್ಕಂಡೈತೆ. ಇದನ್ನೂ ಅದೇ ಹಾಕಿದ್ರೆ ಅವ್ಳು ಬಸ್ಸಿಳಿದು ನೆಟ್ಟಗೆ ಒಳಗೋಗ್ತಾಳೆ. ನನ್ನ ಹತ್ರ ಯಾಕೆ ಬರ್ತಾಳೆ?"

"ಅಯ್ಯ, ಅಕ್ಕ ಹಂಗೇನಿಲ್ಲ ಅತ್ತೆ."

"ನಿಂಗೆ ಗೊತ್ತಿಲ್ಲ ಸುಮ್ಕಿರು. ಇಡೀ ದಿನ ಆ ಸ್ಕೂಲ್ ಮಕ್ಕಳ ಹತ್ರ ಮಾತಾಡಿ ಬರ್ತಾಳೆ. ನನಗೆ ಏನೂ ಇಲ್ಲ ಅಂತಾಳೆ. ಆ ಮಕ್ಕಳಿಗಾದ್ರೆ ಎಲ್ಲ ಐತೆ."

ನನ್ನ ಒಂದು ಕಾಲಿನ ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಇಷ್ಟು ದಿನ ಹೊಟ್ಟೆ ಉರಿಯುತ್ತಿದ್ದದ್ದು ನನಗೊಬ್ಬಳಿಗೇ ಅಂದುಕೊಂಡಿದ್ದೆ. ಪರದೆಯ ಒಳಗೆ ಕತ್ತಲೆಯಲ್ಲಿ ಕೂತ ಆ ಮುದುಕಿಗೆ ನನ್ನ ಒಂದನೇ ಕ್ಲಾಸಿನ ಮಕ್ಕಳ ಮೇಲೆ ಹೊಟ್ಟೆಕಿಚ್ಚು! ಒಳಗೆ ಹಾಗೇ ಹೋದರೆ ಕೇಳಿಸಿಕೊಂಡೆ ಅಂತ ಗೊತ್ತಾಗುತ್ತದೆ. ಅದಕ್ಕೆ ಚಪ್ಪಲಿಯನ್ನು ಜೋರಾಗಿ ಒಗೆದು, ಎಂದಿನ ಹಾಗೆ ಗೊಣಗಿಕೊಂಡೇ ಒಳಗೆ ಬಂದೆ.

"ಏನತ್ತೆ, ಕತ್ತಲಾಗೆ ಕುಂತಿದೀರಲ್ಲ! ನಾನು ಬರದೇ ಹೋದ್ರೆ ಬೆಳಗಾಗೋವರ್ಗೂ ಹಿಂಗೇ ಇರ್ತೀರೇನು?"

"ಬರ್ತೀಯಲ್ಲ" ಎಂದರು ಅತ್ತೆ.

ಸಂದಿಗೆ ಕೈ ತೂರಿಸಿದೆ. ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ. ಬೆಳಕು ಬಂತು. ವಾರಗಿತ್ತಿ ಫೋನು ಕೈಯಲ್ಲಿ ಹಿಡಿದೇ ನಿಂತಿದ್ದಳು, ನನ್ನ ಮುಖ ನೋಡಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು. ಅವಳಿಗೆ ಅರ್ಥವಾಗಿರಬೇಕು. ಎಲ್ಲ ಅವಳಿಗೇ ಮೊದಲು ಅರ್ಥವಾಗುತ್ತದೆ, ಅದಕ್ಕೇ ಅವಳನ್ನು ಕಂಡರೆ ನನಗಾಗದು. ನಾನು ಬ್ಯಾಗನ್ನು ನೆಲಕ್ಕಿಟ್ಟು ಮಂಚದ ತುದಿಯಲ್ಲಿ ಕೂತೆ.

ಅತ್ತೆ ಕಾಲು ಸ್ವಲ್ಪ ಸರಿಸಿ ನನಗೆ ಜಾಗ ಮಾಡಿದರು. ಆಮೇಲೆ, "ಟೈಮ್ ಎಷ್ಟಾತೇ?" ಎಂದರು. ಡಬ್ಬಿ ಅವರ ತಲೆದಿಂಬಿನ ಪಕ್ಕದಲ್ಲೇ ಇತ್ತು.

ಅಡುಗೆಮನೆಯಿಂದ ವಾರಗಿತ್ತಿಯ ದನಿ ಬಂತು. "ಅಲ್ಲತ್ತೆ, ಈಗ ತಾನೇ ಅದನ್ನ ಕೇಳಿದ್ರಲ್ಲ! ಹೇಳ್ತಲ್ಲ ಅದು!"

"ನೀ ನಿನ್ನ ಒಗ್ಗರಣೆ ನೋಡ್ಕ" ಎಂದರು ಅತ್ತೆ. "ನಾನು ದೊಡ್ಡೋಳನ್ನ ಕೇಳಿದ್ದು."